ಓದದೆ ಹಾಕಿದ ಸಹಿ

ನಮ್ಮ ಪರಿಚಯದ ನಿವೃತ್ತ ಉರ್ದು ಮೇಷ್ಟ್ರೊಬ್ಬರಿಗೆ 2025ರಲ್ಲಿ ಆದಾಯ ತೆರಿಗೆ ಇಲಾಖೆಯಿಂದ ಒಂದು ಸಂದೇಶ ಬಂತು. ಹಿಂದಿನ ವರ್ಷದ ರಿಟರ್ನ್‌ನಲ್ಲಿ ರಾಜಕೀಯ ಪಕ್ಷವೊಂದಕ್ಕೆ ದೇಣಿಗೆ ಕೊಟ್ಟಿರುವುದಾಗಿ ತೋರಿಸಿ ವಿನಾಯಿತಿ ಪಡೆದಿದ್ದೀರಿ, ಸರಿಯೋ ತಪ್ಪೋ ನೋಡಿಕೊಳ್ಳಿ ಎಂಬುದು ಅದರ ಸಾರ. ಮಸೀದಿಯ ಚಂದಾ ರಸೀದಿಗಳನ್ನೂ ದಾರ ಪೋಣಿಸಿ ಎತ್ತಿಡುವ ಮನುಷ್ಯ ಅವರು. "ನಾನು ಯಾವ ಪಕ್ಷಕ್ಕೆ ಕೊಟ್ಟೆ?" ಎಂದು ನಮ್ಮನ್ನೇ ಕೇಳಿದರು. ರಿಟರ್ನ್ ತುಂಬಿಕೊಟ್ಟ ಅಂಗಡಿಯವನು ರೀಫಂಡ್ ಹೆಚ್ಚು ಬರಲೆಂದು ಕೊಡದ ದೇಣಿಗೆಯನ್ನು ಬರೆದುಬಿಟ್ಟಿದ್ದ. ಮೇಷ್ಟ್ರು ಅವನಿಗೆ ಪಾಸ್‌ವರ್ಡ್ ಕೊಟ್ಟಿದ್ದರು, ಮೊಬೈಲಿಗೆ ಬಂದ ಒಟಿಪಿಯನ್ನೂ ಓದಿ ಹೇಳಿದ್ದರು. ಕಾನೂನಿನ ಕಣ್ಣಿನಲ್ಲಿ ಅದು ಅವರದೇ ಸಹಿ.

ಅವರು ಸುಳ್ಳು ಹೇಳಿದರೇ? ಈ ಪ್ರಶ್ನೆ ನಮ್ಮನ್ನು ಹಲವು ದಿನ ಕಾಡಿತು. ಇದು ಒಬ್ಬರ ಕಥೆಯೂ ಅಲ್ಲ. 2025ರ ಜುಲೈ 14ರಂದು ಇಲಾಖೆ ಇಂಥ ಮಧ್ಯವರ್ತಿಗಳಿಗೆ ಸಂಬಂಧಿಸಿದ 150 ಕಡೆ ಶೋಧ ನಡೆಸಿತು. ಅದಕ್ಕೆ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಮ್ಮ ರಿಟರ್ನ್ ತಿದ್ದಿಕೊಂಡು 1,045 ಕೋಟಿ ರೂಪಾಯಿಯ ಸುಳ್ಳು ಹಕ್ಕುಗಳನ್ನು ವಾಪಸು ಪಡೆದಿದ್ದರೆಂದೂ ತಿಳಿಸಿತು. ಅವರಲ್ಲಿ ದುರಾಸೆಯವರೂ ಇದ್ದಿರಬೇಕು. ಆದರೆ ಮೇಷ್ಟ್ರಂಥವರು ಆ ಅಂಗಡಿಯ ಮೆಟ್ಟಿಲು ಹತ್ತಿದ್ದೇಕೆ ಎಂದು ಕೇಳದೆ ಇವರನ್ನು ತೂಗುವುದು ನ್ಯಾಯವಲ್ಲ.

ಇಲಾಖೆಯ ಹೊಸ ಜಾಲತಾಣ 2021ರ ಜೂನ್ 7ರಂದು ಆರಂಭವಾಯಿತು. ಇದಕ್ಕೂ ಬೆಂಗಳೂರಿನ ಸಂಸ್ಕರಣಾ ಕೇಂದ್ರದ ಕೆಲಸಕ್ಕೂ ಸೇರಿ 2019ರಲ್ಲೇ ಕೇಂದ್ರ ಸಂಪುಟ ಸುಮಾರು 4,242 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ರಿಟರ್ನ್ ಇತ್ಯರ್ಥಕ್ಕೆ ಹಿಡಿಯುತ್ತಿದ್ದ 63 ದಿನಗಳನ್ನು ಒಂದು ದಿನಕ್ಕೆ ಇಳಿಸುವುದು ಗುರಿ. ಕಟ್ಟಿದ್ದು ಬೆಂಗಳೂರಿನದೇ ಇನ್ಫೋಸಿಸ್. ಆರಂಭದಲ್ಲೇ ಅದು ಎಡವಿದ್ದು, ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥರನ್ನು ಹಣಕಾಸು ಸಚಿವೆ ಕರೆಸಿದ್ದು, ಕೊನೆಯ ದಿನಾಂಕ ಡಿಸೆಂಬರ್ 31ಕ್ಕೆ ಹೋದದ್ದು ಪತ್ರಿಕೆ ಓದುವವರಿಗೆ ನೆನಪಿದೆ. ಯಂತ್ರದ ದೋಷ ಯಂತ್ರಜ್ಞರು ಸರಿಪಡಿಸುವಂಥದ್ದು, ಕ್ರಮೇಣ ಸರಿಪಡಿಸಿದರು. ಮಾತಿನ ದೋಷ ಹಾಗಲ್ಲ.

ಒಂದು ಉದಾಹರಣೆ ನೋಡಿ. ಹೊಸ ತೆರಿಗೆ ಪದ್ಧತಿ ತಾನಾಗಿಯೇ ಅನ್ವಯವಾಗುವಂತಾದ ಮೇಲೆ, ನಮೂನೆಯಲ್ಲಿ ಒಂದು ಪ್ರಶ್ನೆ ಬಂತು: ಇಂಥ ಕಲಮಿನ ಇಂಥ ಉಪಕಲಮಿನ ಅನ್ವಯ ಹೊಸ ಪದ್ಧತಿಯಿಂದ ಹೊರಬರುವ ಆಯ್ಕೆಯನ್ನು ಚಲಾಯಿಸಲು ಇಚ್ಛಿಸುವಿರಾ? ಹೌದು ಎಂದರೆ ಹಳೆಯದು, ಇಲ್ಲ ಎಂದರೆ ಹೊಸದು. ನಾವು ಎರಡು ಭಾಷೆಗಳಲ್ಲಿ ಓದಿ, ಕಥೆ ಬರೆದು ಬದುಕಿದವರು. ಮೂರು ಸಲ ಓದಿದೆವು. 'ಹಳೆಯದು ಬೇಕೋ ಹೊಸದು ಬೇಕೋ' ಎಂದು ಕೇಳಿದರೆ ಖಜಾನೆಗೆ ಏನು ನಷ್ಟವಾಗುತ್ತಿತ್ತು? ಇನ್ನು ವರ್ಷದ ಗೊಂದಲ. ಗಳಿಸಿದ ವರ್ಷ ಒಂದು, ನಮೂನೆಯ ಮೇಲೆ ಬರೆಯುವ ವರ್ಷ ಅದರ ಮುಂದಿನದು. 2025ರಲ್ಲಿ ಅಂಗೀಕಾರವಾಗಿ 2026ರ ಏಪ್ರಿಲ್ 1ರಿಂದ ಜಾರಿಯ ದಿನ ಗೊತ್ತಾದ ಕಾನೂನಿನಲ್ಲಿ 'ತೆರಿಗೆ ವರ್ಷ' ಎಂಬ ಒಂದೇ ಮಾತು ಬಂತು. ಅಷ್ಟಕ್ಕೆ ಅರುವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಹೆಸರುಗಳಿಗೇನೂ ಕೊರತೆಯಿರಲಿಲ್ಲ. 1990ರ ದಶಕದಲ್ಲಿ 'ಸರಳ್' ಬಂತು, ಆಮೇಲೆ 'ಸಹಜ್', 'ಸುಗಮ್'. ಮೂರರ ಅರ್ಥವೂ ಹೆಚ್ಚುಕಡಿಮೆ ಒಂದೇ!

ತೆರಿಗೆಯ ಭಾಷೆ ಎಂದೂ ಕಚೇರಿಯದೇ. ತಹಶೀಲ್ದಾರ, ಜಮಾಬಂದಿ, ವಸೂಲಿ, ಬಾಕಿ, ರಸೀದಿ: ಕನ್ನಡಕ್ಕೆ ಇವನ್ನು ಕೊಟ್ಟದ್ದು ಅರಬಿ-ಫಾರಸಿ ಎಂದು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಇವು ಮೊದಲ ಸಲ ಕಿವಿಗೆ ಬಿದ್ದಾಗ ಕನ್ನಡ ರೈತನಿಗೆ ಏನನಿಸಿರಬಹುದೆಂದು ನಾವು ಯೋಚಿಸಿದ್ದು ಕಡಿಮೆ. ಅವನಿಗೂ ಒಬ್ಬ ಮುನ್ಷಿ ಬೇಕಿತ್ತು, ಮುನ್ಷಿ ಹೇಳಿದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ಒಟಿಪಿ ನಮ್ಮ ಕಾಲದ ಹೆಬ್ಬೆಟ್ಟು.

ಖಲೀಫಾ ಹಾರೂನ್ ರಶೀದರಿಗಾಗಿ ಇಮಾಮ್ ಅಬೂ ಯೂಸುಫ್ 'ಕಿತಾಬುಲ್ ಖರಾಜ್' ಬರೆದದ್ದು 8ನೇ ಶತಮಾನದಲ್ಲಿ. ವಸೂಲಿಯನ್ನು ಗುತ್ತಿಗೆ ಕೊಡುವ ಪದ್ಧತಿಯನ್ನು ಅವರು ಅದರಲ್ಲಿ ವಿರೋಧಿಸಿದರು, ಏಕೆಂದರೆ ಗುತ್ತಿಗೆದಾರ ತನ್ನ ಲಾಭಕ್ಕಾಗಿ ಪ್ರಜೆಯನ್ನು ಹಿಂಡುತ್ತಾನೆ. ಇಂದು ಸರಕಾರ ವಸೂಲಿಯನ್ನು ಗುತ್ತಿಗೆ ಕೊಟ್ಟಿಲ್ಲ. ಆದರೆ ಅರ್ಥ ಮಾಡಿಸುವ ಕೆಲಸ ಯಾರೂ ಕೊಡದೆಯೇ ಗುತ್ತಿಗೆಗೆ ಹೋಗಿದೆ, ಬೀದಿ ಬದಿಯ ಅಂಗಡಿಗೆ.

ಜಕಾತಿನ ರೀತಿ ಬೇರೆ. ಕುರ್‌ಆನ್ ಹೇಳುವ ಎಂಟು ಹಕ್ಕುದಾರರಲ್ಲಿ ಅದನ್ನು ಸಂಗ್ರಹಿಸುವ ಕೆಲಸದವರೂ ಒಬ್ಬರು. ವಸೂಲಿಯ ಖರ್ಚು ವಸೂಲಿಯೊಳಗೇ ಇದೆ, ಕೊಡುವವನು ಕೊಡುವುದಕ್ಕಾಗಿ ಮತ್ತೆ ಖರ್ಚು ಮಾಡಬೇಕಿಲ್ಲ. ನಾಣ್ಯ, ಚಿನ್ನದ ಲೆಕ್ಕ ನಲವತ್ತರಲ್ಲಿ ಒಂದು ಎಂದು ಓದುಬರಹವಿಲ್ಲದ ಅಜ್ಜಿಗೂ ಗೊತ್ತು. ಹಂಚಲು ವಕೀಲನನ್ನು ನೇಮಿಸಿಕೊಳ್ಳಬಹುದು, ಆದರೆ ನಿಯ್ಯತ್ತು ಹಣದ ಒಡೆಯನದ್ದೇ ಆಗಿರಬೇಕು. ಮೇಷ್ಟ್ರು ಎಡವಿದ್ದು ಅಲ್ಲೇ ಎಂದು ನಮಗೆ ತೋರುತ್ತದೆ. ಕೆಲಸದ ಜೊತೆ ನಿಯ್ಯತ್ತನ್ನೂ ಅಂಗಡಿಯವನ ಕೈಗೆ ಕೊಟ್ಟರು. ಹೆಚ್ಚುವರಿ ರೀಫಂಡ್ ಬಂದಾಗ ಎಲ್ಲಿಂದ ಬಂತೆಂದು ಕೇಳಲಿಲ್ಲ, ಬರಕತ್ತು ಎಂದರು. ಅಷ್ಟು ತಪ್ಪು ಅವರದ್ದೇ, ಜಾಲತಾಣದ ಮೇಲೆ ಹಾಕಲಾಗದು.

ಹಾಗೆಂದು ಎಲ್ಲವನ್ನೂ ಸುಲಭ ಮಾಡಿದರೆ ಮುಗಿಯಿತೇ? 2021ರ ನವೆಂಬರಿನಲ್ಲಿ ಬಂದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬ್ಯಾಂಕಿನ ಬಡ್ಡಿಯೂ ಸೇರಿ ನಮ್ಮ ಆದಾಯದ ಬಹಳಷ್ಟು ವಿವರ ತಾನಾಗಿ ಬಂದು ಕೂರುತ್ತದೆ. ನಮ್ಮಲ್ಲಿ ಅನೇಕರು ಬಡ್ಡಿಯನ್ನು ಮುಟ್ಟದೆ ಬಡವರಿಗೆ ಕೊಡುತ್ತಾರೆ, ಇನ್ನು ಕೆಲವರು ಅದು ಇಲ್ಲವೇ ಇಲ್ಲವೆಂಬಂತೆ ಖಾತೆಯಲ್ಲೇ ಬಿಟ್ಟಿರುತ್ತಾರೆ. ಪರದೆ ಅದನ್ನು ಪೈಸೆ ಸಮೇತ ಮುಂದಿಡುತ್ತದೆ. ಕಣ್ಣು ತಪ್ಪಿಸುತ್ತಿದ್ದವನಿಗೆ ಇದು ಒಳ್ಳೆಯದೇ. ಆದರೆ ತುಂಬಿಸಿಟ್ಟ ನಮೂನೆಯನ್ನು ಓದದೆ ಮುಂದೆ, ಮುಂದೆ ಎಂದು ಒತ್ತುತ್ತ ಹೋಗುವವನಿಗೂ ಅಂಗಡಿಯಲ್ಲಿ ಕೂತ ಮೇಷ್ಟ್ರಿಗೂ ವ್ಯತ್ಯಾಸವೇನು? ಹುಡುಕಾಟದ, ಊಹೆಯ ಕಷ್ಟ ಹೋಗಬೇಕು. ಏನು ಹೇಳುತ್ತಿದ್ದೇನೆ ಎಂದು ನಿಂತು ನೋಡುವ ಒಂದು ಕ್ಷಣ ಮಾತ್ರ ಉಳಿಯಬೇಕು, ಅದು ಓದುವವನಿಗೆ ಅರ್ಥವಾಗುವ ಮಾತಿನಲ್ಲಿರಬೇಕು.

ಮೇಷ್ಟ್ರು ನವೀಕರಿಸಿದ ರಿಟರ್ನ್ ಸಲ್ಲಿಸಲು ನಮ್ಮ ಮನೆಗೆ ಬಂದರು. ಎರಡು ಸಂಜೆ ಹಿಡಿಯಿತು. ತೆರಿಗೆ, ಬಡ್ಡಿ, ಮೇಲೆ ಶೇಕಡಾ 25 ಹೆಚ್ಚುವರಿ. ಬಡ್ಡಿ ಮುಟ್ಟದ ಮನುಷ್ಯ ಬಡ್ಡಿ ಕಟ್ಟಬೇಕಾಯಿತೆಂದು ನಾವು ನಕ್ಕರೆ ಅವರು ನಗಲಿಲ್ಲ. ಕೊನೆಯ ಪುಟದಲ್ಲಿ ಇಂಥವರ ಮಗನಾದ ನಾನು, ನನಗೆ ತಿಳಿದ ಮಟ್ಟಿಗೆ ಇದೆಲ್ಲ ಸತ್ಯ ಎಂಬ ಘೋಷಣೆ ಇತ್ತು. ಅದನ್ನು ಉರ್ದುವಿನಲ್ಲಿ ಹೇಳಿ ಎಂದರು. ಹೇಳಿದೆವು. "ಇದು ಹೋದ ಸಲವೂ ಇತ್ತೇ?" ಎಂದು ಕೇಳಿದರು. ಇತ್ತು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ಒರೆಸಿಕೊಂಡು, ಮೊಬೈಲನ್ನು ನಮ್ಮ ಕೈಗೆ ಕೊಡದೆ ಒಟಿಪಿಯ ಆರು ಅಂಕಿಗಳನ್ನು ಒಂದೊಂದಾಗಿ ತಾವೇ ಒತ್ತಿದರು.