ಗ್ಯಾಲರಿಯವರ ಕರ್ಮ

ಕೆಲಸ ನಿನ್ನದು, ಫಲದ ಮೇಲೆ ನಿನಗೆ ಹಕ್ಕಿಲ್ಲ ಎನ್ನುವುದು ಗೀತೆಯ ಎರಡನೆಯ ಅಧ್ಯಾಯದ ಉಪದೇಶ. ಮೈಸೂರಿನ ಅಗ್ರಹಾರದ ನಮ್ಮ ಮನೆಯಲ್ಲಿ ಅಪ್ಪ ಆ ಅಧ್ಯಾಯವನ್ನು ಬೆಳಗ್ಗೆ ಪಾರಾಯಣ ಮಾಡುತ್ತಿದ್ದರು. ನಮ್ಮ ಪರೀಕ್ಷೆಯ ಫಲಿತಾಂಶ ಬರುವ ದಿನ ತುಸು ಗಟ್ಟಿಯಾಗಿ. ಈ ಉಪದೇಶವನ್ನು ಪೂರ್ತಿ ತಲೆಕೆಳಗು ಮಾಡಿಕೊಂಡು ಬದುಕುವ ಜನ ಇದ್ದಾರೆ. ಅವರೇ ಆಟದ ಅಭಿಮಾನಿಗಳು. ಚೆಂಡು ಎಸೆಯುವುದಿಲ್ಲ, ಹಿಡಿಯುವುದಿಲ್ಲ, ಬೆವರುವುದಿಲ್ಲ. ಕೆಲಸ ಯಾವುದೂ ಇಲ್ಲ, ಬೇಕಾದದ್ದು ಫಲ ಮಾತ್ರ.

ನಾನೂ ಆ ಪೈಕಿಯವಳು. ಇರುವುದು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ, ತಂಡ ಬೇಸ್‌ಬಾಲ್‌ನ ವಾಷಿಂಗ್ಟನ್ ನ್ಯಾಷನಲ್ಸ್. ಮೆಟ್ರೋದಲ್ಲಿ ಹೋಗಿ ನೇವಿ ಯಾರ್ಡ್ ಸ್ಟೇಷನ್ನಿನಲ್ಲಿ ಇಳಿದು, ಮೇಲಿನ ಅಂತಸ್ತಿನ ಅಗ್ಗದ ಸೀಟಿನಲ್ಲಿ ಕೂತು ನೋಡುತ್ತೇನೆ. ಏನೂ ಮಾಡದೆ ಫಲವನ್ನಷ್ಟೇ ಬಯಸುವವರಿಗೂ ಧರ್ಮ, ಅಧರ್ಮ ಎಂಬುದು ಉಂಟೇ? ಈ ಪ್ರಶ್ನೆ ನನಗೆ ಗಂಟುಬಿದ್ದದ್ದು ಚೆಂಡು ಎಸೆಯುವ ಒಬ್ಬ ಪಿಚರ್‌ನ ಮೊಣಕೈಯಿಂದ.

ಅವನ ಹೆಸರು ಸ್ಟೀಫನ್ ಸ್ಟ್ರಾಸ್‌ಬರ್ಗ್. ನನ್ನ ಮಗಳ ಓರಗೆಯವನು, ಹಾಗಾಗಿ ಏಕವಚನವೇ ಬಾಯಿಗೆ ಬರುತ್ತದೆ. 2009ರ ಆಟಗಾರರ ಆಯ್ಕೆಯಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿ ನಮ್ಮ ತಂಡಕ್ಕೆ ಬಂದ. 2010ರ ಜೂನ್ 8ರಂದು, ತನ್ನ ಮೊದಲ ಪಂದ್ಯದಲ್ಲೇ, ಪಿಟ್ಸ್‌ಬರ್ಗ್‌ನ 14 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ. ಆಗಸ್ಟ್ ಮುಗಿಯುವುದರೊಳಗೆ ಅವನ ಮೊಣಕೈಯ ಒಳಬದಿಯ ಲಿಗಮೆಂಟ್ ಹರಿದಿತ್ತು.

ಪಿಚರ್‌ನ ಕೈ ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವ ಗಳಿಗೆಯಲ್ಲಿ ಆ ಚಿಕ್ಕ ಪಟ್ಟಿಯ ಮೇಲೆ ವಿಪರೀತ ಎಳೆತ ಬೀಳುತ್ತದೆ. ಹಿಂದೆ ಅದು ಹರಿದರೆ ಆಟ ಮುಗಿದಂತೆಯೇ. 1974ರಲ್ಲಿ ಲಾಸ್ ಏಂಜಲಿಸ್‌ನ ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಎಂಬ ಎಡಗೈ ಪಿಚರ್‌ನ ಬಲಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಟ್ಟಿದರು. ಮರಳಿ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂಬ ಅಂದಾಜಿತ್ತು. ಜಾನ್ 1989ರವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಆ ಚಿಕಿತ್ಸೆಯ ನಂತರದವು. ಇವತ್ತಿಗೂ ಆ ಶಸ್ತ್ರಚಿಕಿತ್ಸೆಗೆ ವೈದ್ಯರದ್ದಲ್ಲ, ರೋಗಿಯ ಹೆಸರೇ ಉಳಿದಿದೆ. ಸ್ಟ್ರಾಸ್‌ಬರ್ಗ್‌ಗೂ ಅದೇ ಆಯಿತು.

2012 ಅವನು ಚೇತರಿಸಿಕೊಂಡು ಬಂದ ಮೊದಲ ಪೂರ್ತಿ ಋತು. ತಂಡದ ಜನರಲ್ ಮ್ಯಾನೇಜರ್ ಮೈಕ್ ರಿಝೊ ಮೊದಲೇ ತೀರ್ಮಾನಿಸಿದ್ದರು: ಸುಮಾರು 160 ಇನ್ನಿಂಗ್ಸ್ ಆದ ಮೇಲೆ ಹುಡುಗನನ್ನು ಕೂರಿಸಿಬಿಡುವುದು, ತಂಡ ಎಲ್ಲೇ ಇರಲಿ. ಹಿಂದಿನ ವರ್ಷ ಇದೇ ಚಿಕಿತ್ಸೆಯಿಂದ ಮರಳಿದ್ದ ಜೋರ್ಡನ್ ಝಿಮ್ಮರ್‌ಮನ್‌ಗೂ ಹಾಗೇ ಮಾಡಿದ್ದರು. ಆಗ ತಂಡ ಸೋಲುತ್ತಿತ್ತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಈ ಸಲ ತೊಂದರೆ ಆದದ್ದು ತಂಡ ಗೆಲ್ಲತೊಡಗಿದ್ದರಿಂದ. 162 ಪಂದ್ಯಗಳ ಋತುವಿನ ಅರ್ಧ ದಾಟಿದಾಗ, ಜುಲೈನಲ್ಲಿ, ನಾವು ನಮ್ಮ ವಿಭಾಗದಲ್ಲಿ ಮೊದಲಿದ್ದೆವು.

ವಾಷಿಂಗ್ಟನ್ನಿಗೆ ಇದರ ಬೆಲೆ ಏನೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಅಲ್ಲಿಯವರೆಗೆ ಊರು ಕಡೆಯ ಸಲ ಚಾಂಪಿಯನ್ ಆದದ್ದು 1924ರಲ್ಲಿ, ಅಕ್ಟೋಬರ್‌ನ ಆಟ, ಅಂದರೆ ಋತು ಮುಗಿದ ಮೇಲಿನ ಚಾಂಪಿಯನ್ ಪಟ್ಟದ ಸುತ್ತು, ಕಂಡದ್ದು 1933ರಲ್ಲಿ. ಇದ್ದ ತಂಡವೂ 1971ರ ನಂತರ ಟೆಕ್ಸಸ್‌ಗೆ ಹೊರಟುಹೋಯಿತು. ಈಗಿನದು 2005ರಲ್ಲಿ ಮಾಂಟ್ರಿಯಲ್‌ನಿಂದ ಬಂದದ್ದು. ನನ್ನ ಸಾಲಿನಲ್ಲಿ ಕೂರುತ್ತಿದ್ದ, ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಹಳೆಯ ತಂಡ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡವರು.

ಆ ಬೇಸಿಗೆ ಗ್ಯಾಲರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಈಗಲೇ ಒಂದು ತಿಂಗಳು ಕೂರಿಸಿ, ಅಕ್ಟೋಬರ್‌ಗೆ ಉಳಿಸಿಕೊಳ್ಳಲಿ ಎಂದರು ಕೆಲವರು. ಐವರು ಪಿಚರ್‌ಗಳ ಬದಲು ಆರು ಜನರನ್ನು ಸರದಿಯಲ್ಲಿ ಇಳಿಸಲಿ ಎಂದರು ಇನ್ನು ಕೆಲವರು. ಅಟ್ಲಾಂಟಾದವರನ್ನು ನೋಡಿ ಕಲಿಯಬಾರದೇ ಎಂಬ ಮಾತೂ ಬಂತು. ಇದೇ ಚಿಕಿತ್ಸೆಯಿಂದ ಮರಳಿದ್ದ ಕ್ರಿಸ್ ಮೆಡ್ಲೆನ್‌ನನ್ನು ಅವರು ಮೊದಲ ತಿಂಗಳುಗಳಲ್ಲಿ ಹಗುರ ಕೆಲಸಕ್ಕೆ ಹಾಕಿ, ಜುಲೈ ಕೊನೆಗೆ ಪೂರ್ತಿ ಹೊಣೆ ಕೊಟ್ಟಿದ್ದರು. ಅಂಚೆಯ ಹಿರಿಯರದು ಒಂದೇ ವಾದ: “ಮುಂದಿನ ವರ್ಷ ಅವನು ಇರುತ್ತಾನಮ್ಮ. ನಾನಿರುತ್ತೇನಾ?”

ಅದು ತಳ್ಳಿಹಾಕುವ ವಾದವಲ್ಲ. ಆದರೂ ನಾವೆಲ್ಲ ಒಬ್ಬನ ಕೈಯನ್ನು ಸರ್ಕಾರಿ ನಲ್ಲಿಯ ನೀರಿನಂತೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಚರ್ಚಿಸುತ್ತಿದ್ದೆವು. ಇದು ಅಮೆರಿಕದವರ ರೋಗವೇನೂ ಅಲ್ಲ. 1997ರಲ್ಲಿ ನಮ್ಮ ಕ್ರಿಕೆಟ್ ಬೌಲರ್ ಶ್ರೀನಾಥ್ ಭುಜದ ನೋವಿನಿಂದ ವೆಸ್ಟ್ ಇಂಡೀಸ್ ಸರಣಿ ಆಡದೇ ಹೋದಾಗ, ಅವರಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದವರು ಮೈಸೂರಿನಲ್ಲಿ ಬೀದಿಗೆ ಹತ್ತು ಜನ. ಭುಜ ಹೇಗಿದೆಯಂತೆ ಎಂದು ಕೇಳಿದವರು ಕಡಿಮೆ.

ಸೆಪ್ಟೆಂಬರ್ 7ರ ಪಂದ್ಯದ ನಂತರ ರಿಝೊ ಹೇಳಿದಂತೆಯೇ ಮಾಡಿದರು. ತನಗಿದು ಹಿಡಿಸಿಲ್ಲ, ಆಡಬೇಕೆಂದಿದೆ ಎನ್ನುವುದನ್ನು ಸ್ಟ್ರಾಸ್‌ಬರ್ಗ್ ಪತ್ರಕರ್ತರ ಮುಂದೆ ಮುಚ್ಚಿಡಲಿಲ್ಲ. ನಾವು 98 ಪಂದ್ಯ ಗೆದ್ದು ಅಕ್ಟೋಬರ್ ಸೇರಿದೆವು. ಸೇಂಟ್ ಲೂಯಿಸ್ ವಿರುದ್ಧದ ಐದನೆಯ, ಕೊನೆಯ ಪಂದ್ಯದಲ್ಲಿ 6-0 ಮುಂದಿದ್ದೆವು. ಸೋತದ್ದು 7-9ರಿಂದ. ಮೆಟ್ರೋದಲ್ಲಿ ವಾಪಸು ಬರುವಾಗ ಬೋಗಿಯ ತುಂಬ ಜನ ರಿಝೊ ಅವರನ್ನು ಬಯ್ಯುತ್ತಿದ್ದರು.

ಏಳು ವರ್ಷ ಕಳೆಯಿತು. 2019ರ ಮೇ 23ರಂದು ನಮ್ಮ ಲೆಕ್ಕ 19 ಗೆಲುವು, 31 ಸೋಲು. ಮ್ಯಾನೇಜರನ್ನು ತೆಗೆಯಿರಿ ಎಂಬ ಕೂಗು. ಅದೇ ತಂಡ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನವರನ್ನು ಮಣಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಸರಣಿಯ ಅತ್ಯುತ್ತಮ ಆಟಗಾರ ಸ್ಟ್ರಾಸ್‌ಬರ್ಗ್. ನೋಡಿದಿರಾ, ಅಂದು ಕೈ ಉಳಿಸಿದ್ದಕ್ಕೆ ಇಂದು ಫಲ ಎಂದರು, ಮೆಟ್ರೋದಲ್ಲಿ ಬೈದವರೇ. ಡಿಸೆಂಬರ್‌ನಲ್ಲಿ ಅವನಿಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಆಮೇಲೆ ಅವನು ಆಡಿದ್ದು ಎಂಟೇ ಪಂದ್ಯ. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನರ, ರಕ್ತನಾಳಗಳು ಒತ್ತಿಹೋಗುವ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಹಿಡಿಯಿತು. ಒಂದು ಪಕ್ಕೆಲುಬನ್ನೇ ತೆಗೆದರು. 2024ರಲ್ಲಿ ನಿವೃತ್ತನಾದ. ಎಷ್ಟು ಕಾಪಾಡಿದರೂ ಅಷ್ಟೇ ಎಂದು ಗ್ಯಾಲರಿ ಮತ್ತೆ ಮಾತು ಬದಲಿಸಿತು.

ನಿರ್ಣಯ ಒಂದೇ, 2012ರದು. 2012ರಲ್ಲಿ ಅದು ಮೂರ್ಖತನ, 2019ರಲ್ಲಿ ದೂರದೃಷ್ಟಿ, 2024ರಲ್ಲಿ ವ್ಯರ್ಥ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು ಎತ್ತಿದ ‘ನೈತಿಕ ಅದೃಷ್ಟ’ದ ಪ್ರಶ್ನೆ ಇದೇ. ಇಬ್ಬರು ಕುಡಿದು ಗಾಡಿ ಓಡಿಸುತ್ತಾರೆ; ಒಬ್ಬನ ದಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ದಾರಿಗೆ ಬರುವುದಿಲ್ಲ. ತಪ್ಪು ಒಂದೇ, ಒಬ್ಬ ಕೊಲೆಗಾರ, ಇನ್ನೊಬ್ಬ ಮನೆ ಸೇರಿ ಮಲಗುವವನು. ತಾವು ಹಿಡಿತವಿಡಲಾಗದ ಸಂಗತಿಗೆ ಜನರನ್ನು ಹೊಣೆ ಮಾಡುವುದು ನ್ಯಾಯವೇ?

ಬೇಸ್‌ಬಾಲ್ ಈ ಪ್ರಶ್ನೆಗೆ ಇನ್ನೊಂದು ಸಾಕ್ಷಿ ಒದಗಿಸಿದೆ. ನ್ಯೂಯಾರ್ಕ್ ಮೆಟ್ಸ್‌ನ ಮ್ಯಾಟ್ ಹಾರ್ವಿಗೂ ಟಾಮಿ ಜಾನ್ ಚಿಕಿತ್ಸೆ ಆಗಿತ್ತು. 2015ರಲ್ಲಿ ಮರಳಿದ. 180 ಇನ್ನಿಂಗ್ಸ್ ಸಾಕು ಎಂದು ಅವನ ಏಜೆಂಟ್ ಸೆಪ್ಟೆಂಬರ್‌ನಲ್ಲಿ ಹೇಳಿದಾಗ ಹಾರ್ವಿಯೂ ಸ್ವಲ್ಪ ಹಿಂದೆಮುಂದೆ ನೋಡಿದ. ಊರಿಗೆ ಊರೇ ಅವನನ್ನು ಸ್ವಾರ್ಥಿ ಎಂದಿತು. ಅವನು ಆಡಿದ, ಅಕ್ಟೋಬರ್, ನವೆಂಬರ್ ಸೇರಿ 216 ಇನ್ನಿಂಗ್ಸ್. ಮುಂದಿನ ಜುಲೈನಲ್ಲಿ ಅವನಿಗೂ ಅದೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್, ಅದೇ ಶಸ್ತ್ರಚಿಕಿತ್ಸೆ. ಹಳೆಯ ಹಾರ್ವಿ ಮತ್ತೆ ಕಾಣಲಿಲ್ಲ. ಅಟ್ಲಾಂಟಾದ ಜಾಣ ಯೋಜನೆಯ ಮೆಡ್ಲೆನ್‌ಗೆ 2014ರಲ್ಲಿ ಮೊಣಕೈ ಮತ್ತೆ ಹರಿಯಿತು. ಕೂರಿಸಿದವನ ಕೈಯೂ ಹೋಯಿತು, ಆಡಿಸಿದವನದೂ ಹೋಯಿತು, ಅಳೆದು ತೂಗಿ ಬಳಸಿದವನದೂ ಹೋಯಿತು. ಝಿಮ್ಮರ್‌ಮನ್ ಮಾತ್ರ ಅನೇಕ ವರ್ಷ ಚೆನ್ನಾಗಿ ಎಸೆದ. ಫಲ ನೋಡಿ ಧರ್ಮ ಹೇಳುತ್ತೇನೆ ಎನ್ನುವವರು ಈ ನಾಲ್ವರನ್ನು ಒಟ್ಟಿಗೆ ಕೂರಿಸಿ ನೋಡಬೇಕು.

ಫಲ ಅಳತೆಗೋಲಲ್ಲವೆಂದರೆ ಮತ್ತೇನು? ನಿರ್ಣಯ ತೆಗೆದುಕೊಂಡ ದಿನಕ್ಕೇ ಹೋಗಿ ಮೂರು ಪ್ರಶ್ನೆ ಕೇಳಬೇಕು ಎಂಬುದು ನನ್ನ ಮತ. ಅಂದು ತಿಳಿಯಬಹುದಾದದ್ದನ್ನು ತಿಳಿದುಕೊಂಡಿದ್ದರೇ? ಯಾರ ಹಿತಕ್ಕಾಗಿ ಮಾಡಿದರು? ದೇಹ ಯಾರದೋ ಅವನ ಮಾತಿಗೆ ತೂಕ ಇತ್ತೇ? ಮೊದಲನೆಯದರಲ್ಲಿ ರಿಝೊ ಪಾಸು, ವೈದ್ಯರನ್ನು ಕೇಳಿದ್ದರು. ಎರಡನೆಯದರಲ್ಲಿ ಅರ್ಧ ಪಾಸು, ಹುಡುಗನ ಹಿತ ಮತ್ತು ತಂಡದ ಬಂಡವಾಳ ಎರಡೂ ಆ ಕೈಯಲ್ಲೇ ಇದ್ದವು. ಮೂರನೆಯದರಲ್ಲಿ ಫೇಲು. ಇದು ನನ್ನ ನಿರ್ಣಯ ಎಂದು ಅವರು ಮತ್ತೆ ಮತ್ತೆ ಹೇಳಿದರು, ಹೆಮ್ಮೆಯಿಂದಲೇ.

ಈ ಮೂರನೆಯ ಪ್ರಶ್ನೆಯನ್ನು ನನ್ನ ಮಗಳು ಒಪ್ಪುವುದಿಲ್ಲ. ಅವಳು ಫಿಸಿಯೋಥೆರಪಿಸ್ಟ್. “ಅಮ್ಮಾ, ಇಪ್ಪತ್ತನಾಲ್ಕು ವರ್ಷದ ಆಟಗಾರನನ್ನ ಆಡ್ತೀಯಾ ಅಂತ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ? ನೋವಿದ್ರೂ ಮುಚ್ಚಿಡ್ತಾರೆ. ಕೇಳೋದೇ ಒಂದು ಒತ್ತಡ. ಅದಕ್ಕೇ ಬೇರೆಯವರು ಬೇಡ ಅನ್ನಬೇಕು.” ನಾನು ಹಾರ್ವಿಯ ಉದಾಹರಣೆ ಕೊಟ್ಟೆ, ಅವನು ತಾನೇ ಆರಿಸಿಕೊಂಡ, ಸೋಲಾದರೂ ಅವನದೇ ಎಂದೆ. ಅವಳು ಕೇಳಿದಳು, “ಅವನೇ ಆರಿಸಿಕೊಂಡನಾ? ಆ ರಾತ್ರಿ ನೀನೂ ಟಿವಿಯಲ್ಲಿ ನೋಡಿಲ್ವಾ?”

ನೋಡಿದ್ದೆ. 2015ರ ನವೆಂಬರ್ 1, ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯ. ಹಾರ್ವಿ ಎಂಟು ಇನ್ನಿಂಗ್ಸ್ ಒಂದೂ ರನ್ ಬಿಟ್ಟಿರಲಿಲ್ಲ. ಮ್ಯಾನೇಜರ್ ಟೆರ್ರಿ ಕಾಲಿನ್ಸ್ ಬೇರೊಬ್ಬ ಪಿಚರ್‌ನನ್ನು ಕರೆಯಲಿದ್ದರು. ಹಾರ್ವಿ ತಾನೇ ಮುಂದುವರಿಯುತ್ತೇನೆಂದು ವಾದಿಸಿದ. ಇಡೀ ಮೈದಾನ ಅವನ ಹೆಸರು ಕೂಗುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಸ್ವಾರ್ಥಿ ಎಂದ ಊರೇ ಅದು. ಕಾಲಿನ್ಸ್ ಮಣಿದರು. 2-0 ಮುನ್ನಡೆ ಕೈಬಿಟ್ಟಿತು, ಸರಣಿಯೂ ಹೋಯಿತು.

ಏಕಲವ್ಯ ಹೆಬ್ಬೆರಳನ್ನು ಮನಸಾರೆ ಕೊಟ್ಟ. ಅವನೇ ಕೊಟ್ಟನಲ್ಲ ಎಂದು ನಮ್ಮ ನಾಡಿನಲ್ಲಿ ಯಾರೂ ದ್ರೋಣರನ್ನು ಸುಮ್ಮನೆ ಬಿಟ್ಟಿಲ್ಲ. ಕೊಡುವವನ ಒಪ್ಪಿಗೆಯಿಂದ ಕೇಳಿದವನ ಹೊಣೆ ತೀರುವುದಿಲ್ಲ ಎಂದು ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತು. ಇಲ್ಲಿ ಕೇಳಿದವರು ಯಾರು? ಮ್ಯಾನೇಜರ್ ಮಾತ್ರವಲ್ಲ, ತಿಂಗಳುಗಟ್ಟಲೆ ಕೇಳಿದ್ದು ಗ್ಯಾಲರಿ. ಹಾಗಿದ್ದ ಮೇಲೆ ಅಭಿಮಾನಿಗೆ ಕೆಲಸವಿಲ್ಲ, ಬರೀ ಫಲದಾಸೆ ಎಂದು ನಾನು ಮೊದಲು ಹೇಳಿದ್ದು ನಿಲ್ಲುವುದಿಲ್ಲ. ನಮ್ಮ ಸಂಪ್ರದಾಯ ಕರ್ಮವನ್ನು ದೇಹಕ್ಕೆ ಸೀಮಿತ ಮಾಡಿಲ್ಲ. ಕಾಯಾ, ವಾಚಾ, ಮನಸಾ ಎಂದು ಮೂರನ್ನೂ ಲೆಕ್ಕಕ್ಕೆ ಹಿಡಿದಿದೆ. ಕೂಗು ವಾಚಿಕ ಕರ್ಮ. ಸ್ವಾರ್ಥಿ ಎಂದು ಬೈದದ್ದೂ ವಾಚಿಕ ಕರ್ಮವೇ. ನಲವತ್ತು ಸಾವಿರ ಜನ ಹಂಚಿಕೊಂಡರೆ ಪಾಲು ಸಣ್ಣದಾಗಬಹುದು, ಸೊನ್ನೆ ಆಗುವುದಿಲ್ಲ.

ಮಗಳ ವಾದಕ್ಕೆ ಉತ್ತರವೂ ಇಲ್ಲೇ ಇದೆ. ಆಟಗಾರನ ಮಾತನ್ನು ನಂಬಲಾಗದಂತೆ ಮಾಡುವುದು ಅವನ ಎಳೆತನ ಒಂದೇ ಅಲ್ಲ, ನಮ್ಮ ಗದ್ದಲವೂ ಹೌದು. ಬೇಡ ಎಂದರೆ ಹೇಡಿ, ಸ್ವಾರ್ಥಿ ಎನ್ನಿಸಿಕೊಳ್ಳುವ ಭಯವಿಲ್ಲದ ಕಡೆ ಅವನ ‘ಆಡುತ್ತೇನೆ’ಗೂ ಬೆಲೆ ಬರುತ್ತದೆ. ಆಗ ಅವನ ಪರವಾಗಿ ರಿಝೊ ಅವರಂಥವರು ತೀರ್ಮಾನಿಸುವ ಅಗತ್ಯ ಕಡಿಮೆಯಾದೀತು.

ತಂಡ ಗೆಲ್ಲಲಿ ಎಂದು ಹಾರೈಸುವುದರಲ್ಲಿ ತಪ್ಪಿಲ್ಲ, ನಾನಂತೂ ಬಿಡುವವಳಲ್ಲ. ಆದರೆ ಟಿಕೆಟ್ ಕೊಂಡವರಿಗೆ ದಕ್ಕುವುದು ಒಂದು ಸೀಟು, ಯಾರದೋ ಮೊಣಕೈ ಅಲ್ಲ. ಪಿಚರ್ ನೋವು ಎಂದು ಹೊರನಡೆದಾಗ ಋತು ಹಾಳಾಯಿತೆಂದು ಅವನನ್ನು ಹಳಿಯಬೇಡಿ. ಅವನು ಕೂತ ದಿನ ನಾವು ಸುಮ್ಮನಿರಬಲ್ಲೆವಾದರೆ, ಗ್ಯಾಲರಿಯವರ ಪಾಲಿಗೆ ಧರ್ಮ ಅಷ್ಟೇ.