ಮೀಟರ್ ಕೆಟ್ಟಿತ್ತು

ಯಲ್ಲದಕೆರೆಯ ನಮ್ಮ ಮನೆಯ ಬೈಕಿನಲ್ಲಿ ಸ್ಪೀಡೋಮೀಟರ್ ಮುಳ್ಳು ನಾಲ್ಕೈದು ವರ್ಷ ಸೊನ್ನೆಯಲ್ಲೇ ನಿಂತಿತ್ತು. ಮುಂದಿನ ಚಕ್ರದಿಂದ ಬರುವ ಕೇಬಲ್ ತುಂಡಾಗಿತ್ತು. ಹುಲ್ಲಿನ ಹೊರೆ, ತೆಂಗಿನಕಾಯಿ ಚೀಲ ಹೊರುವ ಗಾಡಿಗೆ ಅದೇಕೆ ಬೇಕು? ಎಂಜಿನ್ ಸದ್ದಿನಲ್ಲೇ ವೇಗ ತಿಳಿಯುತ್ತದೆ ಎಂದು ಊರಲ್ಲಿ ಎಲ್ಲರೂ ನಂಬಿದ್ದರು, ನಾನೂ.

2022ರಲ್ಲಿ ಅದೇ ಬೈಕಿನಲ್ಲಿ ಹಿರಿಯೂರು ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಿದ್ದೆ. ಕೆಲವು ದಿನಗಳ ಮೇಲೆ ಅತಿವೇಗಕ್ಕೆ ಸಾವಿರ ರೂಪಾಯಿ ದಂಡದ ನೋಟಿಸ್ ಬಂತು. ಗಾಡಿ ಅಪ್ಪನದು, ಹಾಗಾಗಿ ನೋಟಿಸೂ ಅಪ್ಪನ ಹೆಸರಿಗೇ.

"ಮೀಟರ್ ಕೆಟ್ಟೋಗಿತ್ತಲ್ಲಪ್ಪ, ನನಗೆ ಹೆಂಗೆ ಗೊತ್ತಾಗ್ಬೇಕು?" ಎಂದೆ.

"ಕೆಟ್ಟೈತೆ ಅನ್ನೋದು ಗೊತ್ತಿತ್ತಲ್ವೇನೋ?"

ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುವವನಿಗೆ ಈ ಪ್ರಶ್ನೆ ಹೊಸದಾಗಿರಬಾರದಿತ್ತು. ಅರಿಸ್ಟಾಟಲ್ ನೀತಿಶಾಸ್ತ್ರದ ತನ್ನ ಗ್ರಂಥದ ಮೂರನೇ ಭಾಗದಲ್ಲಿ ಇದನ್ನೇ ಚರ್ಚಿಸುತ್ತಾನೆ. ಕುಡಿದು ತಪ್ಪು ಮಾಡಿದವನಿಗೆ ದಂಡ ಇಮ್ಮಡಿ, ಏಕೆಂದರೆ ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತು. ತಾನೇ ತಂದುಕೊಂಡ ಅಜ್ಞಾನ ಕ್ಷಮೆಗೆ ಕಾರಣವಾಗದು. ನನ್ನ ಅಜ್ಞಾನವೂ ಒಂದು ಕೇಬಲ್ಲಿನ ಬೆಲೆಯಷ್ಟೇ ದೂರದಲ್ಲಿತ್ತು.

ಆದರೂ ವಾದ ಬಿಡಲು ಮನಸ್ಸಾಗಲಿಲ್ಲ. ಸರಿಯಿರುವ ಮೀಟರಾದರೂ ಸತ್ಯ ಹೇಳುತ್ತದೆಯೇ? ಅದು ಅಳೆಯುವುದು ಚಕ್ರದ ಸುತ್ತುಗಳನ್ನು, ರಸ್ತೆಯನ್ನಲ್ಲ. ಟೈರ್ ಸವೆದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಅಳತೆ ಮೀರಿದ ದೊಡ್ಡ ಟೈರ್ ಹಾಕಿದರೆ ಕಡಿಮೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚೆಂದರೆ ಆ ವೇಗದ ಹತ್ತನೇ ಒಂದು ಭಾಗ ಮತ್ತು ಗಂಟೆಗೆ 4 ಕಿ.ಮೀ.ಯಷ್ಟು ಹೆಚ್ಚು ತೋರಿಸಬಹುದು. ಅಂದರೆ 80ರಲ್ಲಿ ಹೋಗುವಾಗ 92 ತೋರಿಸಿದರೂ ತಪ್ಪಿಲ್ಲ, 79 ತೋರಿಸಿದರೆ ತಪ್ಪು. ನಮ್ಮ ಜೀವ ಉಳಿಸಲೆಂದು ಹೇಳುವ ಸುಳ್ಳು ಇದು. ಆದರೆ ಈ ಗುಟ್ಟು ತಿಳಿದ ಗೆಳೆಯರು ಏನು ಮಾಡುತ್ತಾರೆ? "ಹೆಂಗಿದ್ರೂ ಐದಾರು ಜಾಸ್ತಿನೇ ತೋರ್ಸುತ್ತೆ" ಎಂದು ಅಷ್ಟನ್ನೂ ಓಡಿಸಿಬಿಡುತ್ತಾರೆ.

ಕಾನೂನು ತನ್ನ ಕಣ್ಣನ್ನೇ ಅನುಮಾನಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಂತೆ, ಉಪಕರಣದ ಅಳತೆಯಿಲ್ಲದೆ ಒಬ್ಬನೇ ಸಾಕ್ಷಿಯ ಅಂದಾಜನ್ನು ನಂಬಿ ಅತಿವೇಗಕ್ಕೆ ಶಿಕ್ಷಿಸುವಂತಿಲ್ಲ. 1998ರಲ್ಲಿ ಕರ್ನಾಟಕದ್ದೇ ಒಂದು ಲಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಡಿ ಜೋರಾಗಿತ್ತು ಎಂದಷ್ಟೇ ಹೇಳಿದರೆ ನಿರ್ಲಕ್ಷ್ಯ ಸಾಬೀತಾಗದು, ಜೋರು ಎಂದರೆ ಎಷ್ಟು ಎಂದು ಯಾವ ಸಾಕ್ಷಿಯೂ ಹೇಳಿಲ್ಲ ಎಂದಿತು. 2021ರ 167ಎ ನಿಯಮದಂತೆ ಕ್ಯಾಮೆರಾಗಳಿಗೂ ಪ್ರಮಾಣಪತ್ರ ಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು. ನನ್ನ ಕಿವಿಗೆ ಅಂಥದ್ದೊಂದು ಪ್ರಮಾಣಪತ್ರ ಬೇಕೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ದಂಡ ಕಟ್ಟಿದ್ದು 2023ರ ಫೆಬ್ರವರಿಯಲ್ಲಿ, ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ. ಬಟ್ಟೆ ಅಂಗಡಿಯ ಆಷಾಢದ ಸೇಲ್ ನೆನಪಾಯಿತು. ಅರ್ಧ ದಂಡ ಕಟ್ಟಿದವನ ತಪ್ಪೂ ಅರ್ಧವಾಗುತ್ತದೆಯೇ? ಕೇಳಿಕೊಳ್ಳಬೇಕಿದ್ದ ಪ್ರಶ್ನೆ. ಐನೂರು ಉಳಿಯಿತೆಂಬ ಖುಷಿಯಲ್ಲಿ ಕೇಳಿಕೊಳ್ಳಲಿಲ್ಲ.

ಅದೇ ವಾರ ಹಿರಿಯೂರಿನಲ್ಲಿ ಕೇಬಲ್ ಹಾಕಿಸಿದೆ. ಬರುವಾಗ ದಾರಿಯಲ್ಲಿ ಶಾಲೆ ಬಿಟ್ಟಿತ್ತು, ಮಕ್ಕಳು ರಸ್ತೆಯಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ವರ್ಷಗಟ್ಟಲೆ ಅಲ್ಲಿ ಹೋಗುತ್ತಿದ್ದ ಹಾಗೆಯೇ ನಿಧಾನವಾಗಿ ಹೋಗುತ್ತಿದ್ದೆ. ಹೊಸ ಚಪಲಕ್ಕೆ ಮೀಟರ್ ನೋಡಿದೆ. ಮುಳ್ಳು 52ರ ಮೇಲಿತ್ತು. ಅಲ್ಲಿ ಕ್ಯಾಮೆರಾ ಇಲ್ಲ.