ಚಳಿಗೆ ಹೊಲಿದದ್ದು, ಚೆಲುವಿಗೆ ಹೊಲಿಯುವುದು

ಒಬ್ಬರು ಗತಿಯಿಲ್ಲದೆ ಮಾಡಿದ ಕೆಲಸವನ್ನು ಇನ್ನೊಬ್ಬರು ಹೊತ್ತು ಕಳೆಯಲೆಂದು ಮಾಡಬಹುದೆ? ಮಾಡಿದರೂ, ಅದನ್ನು ‘ಎಷ್ಟು ಚೆಂದ’ ಎಂದು ಹೊಗಳುವ ಅಧಿಕಾರ ಅವರಿಗುಂಟೆ? ಇಂಥ ದೊಡ್ಡ ಪ್ರಶ್ನೆ ನಮ್ಮಂಥ ಕಾರಕೂನರ ಮನೆಯೊಳಗೆ ಬಂದದ್ದು ಒಂದು ಸೂಜಿಯ ಹಿಂದೆ.

ನೆರೆಮನೆಯ ಹುಡುಗಿ ಕಂಪನಿಯ ಕೆಲಸದ ಮೇಲೆ ಜಪಾನಿಗೆ ಹೋಗಿದ್ದವಳು, ಬರುವಾಗ ನಮಗೊಂದು ಸಣ್ಣ ಕಟ್ಟು ತಂದುಕೊಟ್ಟಳು. ಅದರಲ್ಲಿ ಒಂದು ಚೌಕ ಕಡುನೀಲಿ ಬಟ್ಟೆ, ಬಿಳಿ ನೂಲಿನ ಲಡಿ, ನಮ್ಮ ಮನೆಯ ಸೂಜಿಗಳಿಗಿಂತ ಉದ್ದನೆಯ ಒಂದು ಸೂಜಿ. ಬಟ್ಟೆಯ ಮೇಲೆ ಗೆರೆಗಳು ಮೊದಲೇ ಅಚ್ಚಾಗಿದ್ದವು. ಹೊಲಿದು ಮುಗಿಸಿ ನೀರಿಗೆ ಹಾಕಿದರೆ ಗೆರೆ ಹೋಗಿ ಹೊಲಿಗೆ ಉಳಿಯುತ್ತದೆ. ಈ ಕಸೂತಿಗೆ ಸಾಶಿಕೊ ಎಂದು ಹೆಸರು. ‘ಸಣ್ಣ ಚುಚ್ಚು’ ಎಂದು ಅರ್ಥವಂತೆ. ರವಿವಾರ ಮಧ್ಯಾಹ್ನ ನಾವಿಬ್ಬರೂ, ಅಂದರೆ ಗಂಡ ಹೆಂಡತಿ, ಕಿಟಕಿಯ ಬಳಿ ಕುಳಿತು ಸರದಿಯ ಮೇಲೆ ಹೊಲಿಯಲಾರಂಭಿಸಿದೆವು.

ನೋಡಿದರೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಸೂಜಿ ಮೇಲೆ ಬರಬೇಕು, ಕೆಳಗೆ ಹೋಗಬೇಕು, ಅಷ್ಟೆ. ಆದರೆ ಮೇಲೆ ಕಾಣುವ ಹೊಲಿಗೆ ಅಕ್ಕಿಕಾಳಿನಂತೆ ಒಂದೇ ಅಳತೆಯದಾಗಿರಬೇಕು. ಕೆಳಗೆ ಅಡಗುವ ಅಂತರ ಅದಕ್ಕಿಂತ ತುಸು ಕಿರಿದು, ಮೇಲೆ ಮೂರು ಪಾಲು ಎಂದರೆ ಕೆಳಗೆ ಎರಡು. ಆರಂಭದಲ್ಲಿ ಗಂಟು ಹಾಕುವಂತಿಲ್ಲ. ನಾಲ್ಕು ಹೊಲಿಗೆ ಹಿಂದಕ್ಕೆ ಹೋಗಿ ಅದರ ಮೇಲೆಯೇ ಮರಳಿ ಬರಬೇಕು. ಪಳಗಿದವರು ಸೂಜಿಯನ್ನು ಹೆಚ್ಚು ಅಲುಗಿಸುವುದಿಲ್ಲ. ಎಡಗೈ ಬಟ್ಟೆಯನ್ನು ಮೇಲೆ ಕೆಳಗೆ ಕುಣಿಸುತ್ತದೆ, ಬಟ್ಟೆಯೇ ಬಂದು ಸೂಜಿಯ ಮೇಲೆ ನೆರಿಗೆಯಾಗಿ ಕೂರುತ್ತದೆ, ಸೂಜಿಯ ಹಿಂಭಾಗವನ್ನು ಅಂಗೈಗೆ ತೊಟ್ಟ ಬಿಲ್ಲೆ ತಳ್ಳುತ್ತದೆ. ಆಮೇಲೆ ನೂಲನ್ನು ಎಳೆದು, ಬೆರಳಿನಿಂದ ಸವರಿ ನೆರಿಗೆ ಬಿಡಿಸಬೇಕು. ನಾವು ಇದೊಂದನ್ನು ಮರೆತೆವು. ಬಿಗಿಯಾಗಿದ್ದರೆ ಗಟ್ಟಿ ಎಂಬ ಲೆಕ್ಕದಲ್ಲಿ ನೂಲನ್ನು ಜಗ್ಗುತ್ತ ಹೋದೆವು. ಮೂರನೆಯ ವಾರದ ಹೊತ್ತಿಗೆ ಬಟ್ಟೆ ಹಪ್ಪಳದಂತೆ ಮುದುರಿತು. ಪೂರ್ತಿ ಬಿಚ್ಚಿ ಮೊದಲಿನಿಂದ ಶುರುಮಾಡಬೇಕಾಯಿತು. ಮೂಲೆ ತಿರುಗುವಾಗ ಹಿಂಬದಿಯಲ್ಲಿ ಕೊಂಚ ನೂಲು ಸಡಿಲ ಬಿಡಬೇಕೆಂಬ ಬುದ್ಧಿ ಆಗ ಬಂತು.

ನಮ್ಮ ಬಟ್ಟೆಯ ಮೇಲಿದ್ದ ವಿನ್ಯಾಸಕ್ಕೆ ಆಸಾನೊಹಾ ಎನ್ನುತ್ತಾರೆ, ನಾರುಗಿಡದ ಎಲೆ. ಆ ಗಿಡ ನೆಟ್ಟಗೆ, ಬೇಗ ಬೆಳೆಯುವುದರಿಂದ ಜಪಾನಿನಲ್ಲಿ ಹಸುಗೂಸುಗಳ ಅಂಗಿಗೆ ಈ ಚಿತ್ತಾರ ಹಾಕುತ್ತಿದ್ದರು. ಇಷ್ಟು ತಿಳಿದು ಸಂತೋಷಪಟ್ಟು ಸುಮ್ಮನಿದ್ದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಹೊಲಿಗೆಯ ಹಿಂದಿನ ಕತೆ ಓದಿದ್ದೇ ತಪ್ಪಾಯಿತು.

ಜಪಾನಿನ ಮುಖ್ಯ ದ್ವೀಪದ ಉತ್ತರದ ತುದಿಯಲ್ಲಿ ಅಓಮೊರಿ ಸೀಮೆ. ಚಳಿಗಾಲವೆಲ್ಲ ಹಿಮ, ಹತ್ತಿ ಅಲ್ಲಿ ಬೆಳೆಯುವುದಿಲ್ಲ. ೧೬೦೩ರಿಂದ ೧೮೬೮ರವರೆಗಿನ ಎದೊ ಕಾಲದಲ್ಲಿ ಯಾರು ಏನನ್ನು ಉಡಬೇಕೆಂಬುದನ್ನು ಸರಕಾರವೇ ನಿರ್ಧರಿಸುತ್ತಿತ್ತು. ಅಲ್ಲಿನ ರೈತರಿಗೆ ಹತ್ತಿಯ ಬಟ್ಟೆ ನಿಷಿದ್ಧ. ನಾರುಗಿಡವನ್ನು ತಾವೇ ಬೆಳೆದು ನೂತು ನೇಯ್ದ ಒರಟು ಬಟ್ಟೆಯೇ ಗತಿ, ಅದೋ ಜಾಳು. ಹೆಂಗಸರು ಅದರ ಎಳೆಗಳ ಸಂದಿನಲ್ಲಿ ನೂಲು ಹಾಯಿಸಿ, ರಂಧ್ರಗಳನ್ನು ಮುಚ್ಚುತ್ತ ಬಂದರು. ನಿಂತ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ ಎಂದು ನಾವು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದೆವು. ಅವರು ಅದನ್ನು ಮಕ್ಕಳ ಮೈ ಬೆಚ್ಚಗಿಡಲು ಬಳಸಿದರು. ಹೊರೆ ಹೊತ್ತು ಸವೆಯುವ ಹೆಗಲು, ಬೆನ್ನುಗಳ ಮೇಲೆ ಹೊಲಿಗೆ ಇನ್ನೂ ದಟ್ಟ. ಅಲ್ಲಿನ ತ್ಸುಗರು ಭಾಗದಲ್ಲಿ ಇದಕ್ಕೆ ಕೊಗಿನ್ ಎನ್ನುತ್ತಾರೆ.

ಚಳಿ ತಡೆಯುವುದಷ್ಟೇ ಗುರಿಯಾಗಿದ್ದರೆ ಸಾಲಾಗಿ ಹೊಲಿದು ತುಂಬಿಬಿಟ್ಟರೆ ಸಾಕಿತ್ತು. ಆದರೆ ಕೊಗಿನ್ ಹೊಲಿದವರು ಒಂದು, ಮೂರು, ಐದು ಎಂದು ಬೆಸ ಎಣಿಕೆಯಲ್ಲಿ ಎಳೆ ಬಿಟ್ಟು, ಅದರಿಂದ ವಜ್ರಾಕೃತಿಗಳನ್ನು ಎಬ್ಬಿಸಿದರು. ಒಲೆಯ ಬೆಳಕಿನಲ್ಲಿ ಎಣಿಕೆ ತಪ್ಪಿದರೆ ಬಿಚ್ಚಬೇಕು. ನೂಲು ದುಬಾರಿ, ಕಣ್ಣಿಗೆ ಶ್ರಮ. ಆದರೂ ಬಿಡಲಿಲ್ಲ. ಮೂರು ವಾರದ ಹೊಲಿಗೆ ಬಿಚ್ಚಿ ಕುಳಿತಾಗ ನಮಗೆ ಇದರ ತೂಕ ತಿಳಿಯಿತು. ‘ಬಡತನದಿಂದ ಹುಟ್ಟಿದ ಕಲೆ’ ಎಂದು ಬರೆಯುವವರನ್ನು ನಾವು ಆಗಿನಿಂದ ಒಪ್ಪುವುದಿಲ್ಲ. ಬಡತನ ಅವರಿಗೆ ಕೊಟ್ಟದ್ದು ಚಳಿಯನ್ನು. ಚೆಲುವು ಅವರ ಸ್ವಂತದ್ದು.

ಹಾಗಾದರೆ ಹೊಗಳಲು ಅಡ್ಡಿಯೇನು ಎಂದು ಕೇಳಬಹುದು. ಅಡ್ಡಿ ಇದೆ. ೧೮೯೧ರಲ್ಲಿ ತೋಕಿಯೊದಿಂದ ಅಓಮೊರಿಗೆ ರೈಲು ಮುಟ್ಟಿತು. ಅಗ್ಗದ ಹತ್ತಿ ಬಟ್ಟೆ ಬಂತು. ಕೊಗಿನ್ ಹೊಲಿಯುವವರು ಬರಬರುತ್ತ ಕಡಿಮೆಯಾದರು. ಯಾಕೆ ಹೊಲಿಯಬೇಕು? ಮೈ ಬೆಚ್ಚಗಾಗಲು ಬೇರೆ ದಾರಿ ಸಿಕ್ಕಿತ್ತಲ್ಲ! ನಶಿಸುತ್ತಿದೆ ಎಂದು ಮರುಗಿದವರು, ಜಾನಪದ ಕರಕುಶಲಕ್ಕೆ ‘ಮಿಂಗೇ’ ಎಂದು ಹೆಸರಿಟ್ಟ ಯನಗಿ ಸೊಯೆತ್ಸು ಅವರಂಥ ವಿದ್ವಾಂಸರು. ಅವರು ಕೊಂಡಾಡದಿದ್ದರೆ ಇಂದು ಈ ಕಟ್ಟು ನಮ್ಮ ಕೈಗೆ ಬರುತ್ತಿರಲಿಲ್ಲವೇನೊ, ನಿಜ. ಆದರೂ ಹೊಲಿದವಳು ಬಿಟ್ಟು ನಿಟ್ಟುಸಿರಿಟ್ಟದ್ದಕ್ಕೆ ನೋಡಿದವನು ದುಃಖಪಡುವುದು ವಿಚಿತ್ರವಲ್ಲವೆ?

ತೇಪೆಯ ಮೇಲೆ ತೇಪೆ ಬಿದ್ದ ಬಟ್ಟೆಗಳಿಗೆ ಬೊರೊ, ಅಂದರೆ ಚಿಂದಿ, ಎನ್ನುತ್ತಾರೆ. ತಾನಕ ಚೂಝಬುರೊ ಎಂಬವರು ಅಓಮೊರಿಯ ಹಳ್ಳಿಗಳಲ್ಲಿ ಇವನ್ನು ಕೂಡಿಹಾಕಿದರು. ಮನೆಯವರಿಗೋ ಅವನ್ನು ತೋರಿಸಲೂ ನಾಚಿಕೆ. ಆ ಚಿಂದಿಗಳೇ ೨೦೦೯ರಿಂದ ೨೦೧೯ರವರೆಗೆ ತೋಕಿಯೊದ ಅಸಾಕುಸಾದ ಒಂದು ವಸ್ತುಸಂಗ್ರಹಾಲಯದಲ್ಲಿದ್ದವು, ಜನ ಟಿಕೇಟು ಕೊಂಡು ನೋಡಿದರು.

ಆ ನಾಚಿಕೆ ಎಂಬ ಮಾತನ್ನು ಓದಿದಾಗ ನಮ್ಮ ಕೈಯ ಸೂಜಿ ನಿಂತಿತು.

ನಮ್ಮ ಮನೆಯಲ್ಲಿ ಒಂದು ಕೌದಿ ಇತ್ತು. ಅವ್ವ ಊರಿನಲ್ಲಿ ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರ ಕೂಡಿಸಿ, ಎರಡು ಬೇಸಿಗೆ ಕುಳಿತು ಹೊಲಿದದ್ದು. ಅದೇ ಹೊಲಿಗೆ: ಸೂಜಿ ಮೇಲೆ, ಸೂಜಿ ಕೆಳಗೆ. ಮುಂಬಯಿಗೆ ಬಂದ ಮೇಲೆ ಅದು ಗಾದಿಯ ಅಡಿಯಲ್ಲಿರುತ್ತಿತ್ತು. ಅತಿಥಿಗಳು ಬಂದರೆ ಅದರ ಅಂಚು ಹೊರಗೆ ಇಣುಕದಂತೆ ನಾವು ಗಿರಣಿಯ ಚಾದರ ಎಳೆದು ಮುಚ್ಚುತ್ತಿದ್ದೆವು. ೨೦೧೧ರಲ್ಲಿ ಕ್ವಾರ್ಟರ್ಸು ಬದಲಾಯಿಸುವಾಗ, ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸು ಬಾಗಿಲಿಗೆ ಬಂದಳು. ಅವ್ವ ಆಗ ಊರಿನಲ್ಲಿದ್ದರು. ಎರಡು ಪ್ಯಾಂಟು, ನಾಲ್ಕು ಸೀರೆ, ಆ ಕೌದಿ ಸೇರಿ ನಮಗೆ ಒಂದು ಡಬ್ಬಿ ಸಿಕ್ಕಿತು. ಕೌದಿಗೆ ಬೆಲೆಯಿಲ್ಲ ಎಂದು ಅವಳು ಗೊಣಗಿದ್ದೂ ನೆನಪಿದೆ. ಡಬ್ಬಿಯಲ್ಲಿ ಈಗ ಅವಲಕ್ಕಿ ಇಡುತ್ತೇವೆ. ಕೌದಿ ಎಲ್ಲಿ ಎಂದು ಅವ್ವ ಒಮ್ಮೆ ಕೇಳಿದಾಗ ‘ಮಾಳಿಗೆಯ ಮೇಲಿನ ಟ್ರಂಕಿನಲ್ಲಿದೆ’ ಎಂದುಬಿಟ್ಟೆವು.

ಅವರ ಕೈಯ ಹೊಲಿಗೆಯನ್ನು ಡಬ್ಬಿಗೆ ಕೊಟ್ಟವರು ಕಾಣದ ದೇಶದ ಕಾಣದ ಹೆಂಗಸರ ಹೊಲಿಗೆಯನ್ನು ಕಲಿಯಲು ಕುಳಿತಿದ್ದೆವು. ದೂರದ ಬಡತನವನ್ನು ಚೆಂದ ಎನ್ನುವುದು ಸುಲಭ, ಅದರ ವಾಸನೆ ನಮ್ಮ ಗಾದಿಗೆ ಬರುವುದಿಲ್ಲ. ಇದು ತಿಳಿದ ಮೇಲೂ ನಾವು ಹೊಲಿಯುವುದನ್ನು ಬಿಟ್ಟಿಲ್ಲ. ಬಿಟ್ಟರೆ ಯಾರಿಗೇನು ಲಾಭ? ಆದರೆ ಬಂದವರು ಹೊಗಳಿದಾಗ ಮೊದಲಿನಂತೆ ಬೀಗಲಾಗುತ್ತಿಲ್ಲ.

ಕಳೆದ ತಿಂಗಳು ಅವ್ವ ಬಂದರು. ನೀಲಿ ಬಟ್ಟೆಯನ್ನು ಕೈಗೆತ್ತಿಕೊಂಡು, ಮೇಲ್ಭಾಗವನ್ನು ಸರಿಯಾಗಿ ನೋಡದೆಯೇ ತಿರುವಿ ಹಿಂಬದಿ ನೋಡಿದರು. ಬೆರಳಿನಿಂದ ಸವರಿದರು.

‘ಕೈ ಇನ್ನೂ ಭಾಳ ಬಿಗಿ ಐತಿ ನಿಮ್ಮದು’ ಎಂದರು. ‘ಟ್ರಂಕ್ನ್ಯಾಗಿನ ಆ ಕೌದಿ ತಗೀರಿ. ದಾರ ಹೆಂಗ ಬಿಡಬೇಕಂತ ತೋರಸ್ತೀನಿ.’

ಚಹಾ ಆರುತ್ತದೆ, ಮೊದಲು ಕುಡಿಯಿರಿ ಎಂದೆವು. ಅವ್ವ ಇನ್ನೂ ಇಲ್ಲೇ ಇದ್ದಾರೆ, ದೀಪಾವಳಿಯವರೆಗೆ ಇರುತ್ತಾರೆ.